ಮೇಲಿನ ಮಂಚಕ್ಕೆ ಯಾರು ಸಿದ್ಧರೆಂದು ತೀರ್ಮಾನಿಸುವ ಅಧಿಕಾರಿಗಳಿಗೆ

ಮಾನ್ಯರೇ,

ನನ್ನ, ನನ್ನ ಇಬ್ಬರು ಮಕ್ಕಳ ಮತ್ತು ನಮ್ಮ ಕೋಣೆಯ ಮುಕ್ಕಾಲು ಪಾಲನ್ನು ನುಂಗಿ ನಿಂತಿರುವ ಎರಡಂತಸ್ತಿನ ಮಂಚದ ಪರವಾಗಿ ಮೊದಲಿಗೆ ತಮಗೆ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಅಳತೆ ಟೇಪು ತಮಗಿಂತ ಕ್ಷೇಮವಾಗಿದೆಯೆಂದೂ, ಈ ಹೊತ್ತಿನಲ್ಲಿ ತಾವು ಇನ್ಯಾರದೋ ಮನೆಯ ಹಾಸಿಗೆಯನ್ನು ಎರಡು ಬೆರಳಿನಿಂದ ಒತ್ತಿ ನೋಡುತ್ತ ‘ಹೂಂ’ ಎನ್ನುತ್ತಿದ್ದೀರೆಂದೂ ನಂಬಿದ್ದೇನೆ. ಈ ಪತ್ರವನ್ನು ನೇರವಾಗಿ ತಮ್ಮ ಕಚೇರಿಗೇ ಕಳಿಸಬಹುದಿತ್ತು. ಆದರೆ ಅಲ್ಲಿಗೆ ಏನು ಬರೆದರೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬರುವುದರಿಂದ, ಪರಿಶೀಲಿಸಲು ಪುರುಸೊತ್ತಿರುವ ನಾಲ್ಕು ಜನರಾದರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮಗೆ ನನ್ನ ಗುರುತು ಹತ್ತಲಿಕ್ಕಿಲ್ಲ. ಲಿಫ್ಟ್ ರಿಪೇರಿ ಮಾಡುವವನು, ಲಾಂಡ್ರಿಯ ಮೇಲಿನ ಒಂಟಿ ಕೋಣೆಯಲ್ಲಿರುವವನು. ಕೆಳಗಿನ ಇಸ್ತ್ರಿಯ ಬಿಸಿಗೆ ನನ್ನ ನೆಲ ಸದಾ ಬೆಚ್ಚಗಿರುತ್ತದೆ ಎಂದು ತಾವು ಕಾಲಿನ ಬೂಟು ಬಿಚ್ಚದೆಯೇ ಕಂಡುಹಿಡಿದಿದ್ದಿರಿ. ಮಕ್ಕಳ ತಾಯಿಯೂ ನಾನೂ ಬೇರೆಯಾದ ಮೇಲೆ ಮಗಳು ಮತ್ತು ಮಗ ಅವಳ ಬಳಿ ಇದ್ದಾರೆ. ಭಾನುವಾರ ಬೆಳಿಗ್ಗೆ ನನ್ನಲ್ಲಿಗೆ ಬಂದು, ಸಂಜೆ ಚಪ್ಪಲಿ ಹುಡುಕುತ್ತ, ಹುಡುಕುವುದನ್ನು ಆದಷ್ಟು ತಡಮಾಡುತ್ತ, ಹಿಂತಿರುಗುತ್ತಾರೆ. ಶನಿವಾರ ರಾತ್ರಿಯೂ ಇಲ್ಲೇ ಮಲಗಲಿ ಎಂದು ನಾನು ಕೇಳಿಕೊಂಡೆ. ಅವರ ತಾಯಿ ಆಸ್ಪತ್ರೆಯಲ್ಲಿ ನರ್ಸ್. ಏನೇನು ಆಗಬಾರದೋ ಅದೆಲ್ಲ ಆದವರನ್ನು ದಿನವೂ ನೋಡುವವಳು. ನನ್ನ ಕೈಗೆ ಇಬ್ಬರನ್ನೂ ಇಡೀ ರಾತ್ರಿ ಒಪ್ಪಿಸುವ ಧೈರ್ಯ ಅವಳಿಗೆ ಬರಲಿಲ್ಲ. ಗಂಡ ಹೆಂಡತಿ ಒಂದು ಮಾತಿಗೆ ಬಾರದ ಕಡೆ ಮಕ್ಕಳು ಮಲಗುವ ಜಾಗ ನೋಡಿ ತೀರ್ಮಾನಿಸಲು ತಾವು ಬರಬೇಕೆಂಬುದು ನಿಯಮವಂತೆ. ಹಾಗಾಗಿ ತಾವು ಬಂದಿರಿ.

ಮೊದಲ ಸಲ ಬಂದಾಗ ಕೋಣೆಯಲ್ಲಿ ಒಂದೇ ಮಂಚವಿತ್ತು. ಅದರ ಮೇಲೆ ಮಕ್ಕಳು, ಒಲೆಯ ಪಕ್ಕದ ನೆಲದ ಮೇಲೆ ನಾನು ಎಂದು ನನ್ನ ಲೆಕ್ಕಾಚಾರ. ತಾವು ಆ ಮಂಚವನ್ನು ಬಹಳ ಮರುಕದಿಂದ ನೋಡಿ, “ಇಬ್ಬರು ಮಕ್ಕಳು, ಒಂದು ಮಂಚ. ಇದು ಆಗಲ್ಲ. ಒಬ್ಬೊಬ್ಬರಿಗೆ ಒಂದೊಂದು ಬೇಕು” ಎಂದಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದನ್ನು ಕೇಳಿದ್ದೆ. ಕಾಲು ಇದ್ದಷ್ಟು ಹಾಸಿಗೆ ಹಾಸು ಎಂಬ ಹೊಸ ಗಾದೆಯನ್ನು ತಮ್ಮ ಬಾಯಿಂದಲೇ ಕೇಳುವ ಭಾಗ್ಯ ನನ್ನದಾಯಿತು. ಎರಡನೇ ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ ಎಂದು ನಾನು ಅರಿಕೆ ಮಾಡಿಕೊಂಡಾಗ ತಾವು ನಕ್ಕು, “ಅಗಲಕ್ಕೆ ಜಾಗ ಇಲ್ಲದಿದ್ರೆ ಮೇಲಕ್ಕೆ ಹೋಗ್ರಿ” ಎಂದಿರಿ. ಮೇಲಕ್ಕೆ ಹೋಗುವುದಕ್ಕೆ ನಮ್ಮ ಭಾಷೆಯಲ್ಲಿ ಇನ್ನೊಂದು ಅರ್ಥವೂ ಇರುವುದರಿಂದ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ತಾವು ಹೇಳಿದ್ದು ಎರಡಂತಸ್ತಿನ ಮಂಚದ ವಿಷಯವೆಂದು ತಿಳಿದು ಸಮಾಧಾನವಾಯಿತು.

ತಮ್ಮ ಅಪ್ಪಣೆಯಂತೆ ಹಳೆಯ ಮಂಚವನ್ನು ಲಾಂಡ್ರಿಯವನಿಗೆ ಕೊಟ್ಟು ಹೊಸದನ್ನು ತಂದು ಜೋಡಿಸಿದೆ. ಜೀವಮಾನವಿಡೀ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಯಂತ್ರಗಳ ಬೋಲ್ಟು ಬಿಗಿದವನಿಗೆ ಒಂದು ಮಂಚದ ಬೋಲ್ಟು ಹೆಚ್ಚಲ್ಲ ಎಂದುಕೊಂಡಿದ್ದೆ. ಜೋಡಿಸಿ ಮುಗಿಸಿದಾಗ ಎರಡು ಬೋಲ್ಟು ಕೈಯಲ್ಲಿ ಉಳಿದವು. ಇಡೀ ಮಂಚವನ್ನು ಬಿಚ್ಚಿ ಮತ್ತೆ ಜೋಡಿಸಿದೆ. ಆಗಲೂ ಎರಡು ಉಳಿದವು. ಅಂಗಡಿಯವನನ್ನು ಕೇಳಿದರೆ, “ಅದು ಎಕ್ಸ್‌ಟ್ರಾ ಸರ್, ಎಲ್ರಿಗೂ ಕೊಡ್ತೀವಿ” ಎಂದ.

ಎರಡನೇ ಸಲ ತಾವು ಬಂದಿದ್ದು ಮಕ್ಕಳು ಶಾಲೆಯಲ್ಲಿದ್ದ ದಿನ. ಮೇಲಿನ ಮಂಚದ ಅಂಚಿನ ಕಟಕಟೆಯ ಎತ್ತರ ಅಳೆದಿರಿ, ಏಣಿಯನ್ನು ಅಲ್ಲಾಡಿಸಿದಿರಿ, ಹಾಸಿಗೆ ಒತ್ತಿದಿರಿ, ಆರು ವರ್ಷದೊಳಗಿನವರು ಮೇಲೆ ಮಲಗುವಂತಿಲ್ಲ ಎಂದಿರಿ. ಈ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಮೇಲಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ ಪುಟ್ಟ ಹುಡುಗನೊಬ್ಬನಿಗೆ ಪಟ್ಟಿ ಕಟ್ಟಿದ ಕಥೆಯನ್ನು ಮಕ್ಕಳ ತಾಯಿ ನನಗೆ ಮೊದಲೇ ಹೇಳಿದ್ದಳು. ನನ್ನ ಮಗನಿಗೆ ಐದು ವರ್ಷ, ಅವನು ಕೆಳಗೆ. ಮಗಳಿಗೆ ಒಂಬತ್ತು, ಅವಳು ಮೇಲೆ. ನಿಯಮ ಒಂದು ಹೇಳಿತು, ಮಂಚ ಅದನ್ನೇ ಹೇಳಿತು, ನಾನು ಖುಷಿಯಾದೆ. ಆಗ ತಾವು ಪೆನ್ನನ್ನು ತುಟಿಗಿಟ್ಟುಕೊಂಡು, “ವಯಸ್ಸಾದ್ರೆ ಸಾಲದು. ಮಗು ಸಿದ್ಧವಾಗಿರಬೇಕು” ಎಂದಿರಿ.

ಎಂಥ ಮಾತು. ಮನುಷ್ಯ ಯಾವುದಕ್ಕೆ ಯಾವಾಗ ಸಿದ್ಧನಾಗುತ್ತಾನೆ ಎಂಬ ಪ್ರಶ್ನೆಗೆ ಜ್ಞಾನಿಗಳೇ ಉತ್ತರ ಕಾಣದೆ ಕಣ್ಣುಮುಚ್ಚಿ ಕುಳಿತಿದ್ದಾರೆ; ತಾವು ಅದನ್ನು ಸೊಂಟದ ಟೇಪಿನಿಂದ ಅಳೆಯುತ್ತೀರಿ. ನಾನು ಮದುವೆಗೆ ಸಿದ್ಧನಿದ್ದೇನೆಯೇ ಎಂದು ಅಂದು ಯಾರೂ ಬಂದು ನೋಡಲಿಲ್ಲ. ತಾವೊಬ್ಬರು ಬಂದಿದ್ದರೆ ಇಂದು ತಮಗೆ ಈ ಮೆಟ್ಟಿಲು ಹತ್ತುವ ಶ್ರಮ ಇರುತ್ತಿರಲಿಲ್ಲ.

ಮಗಳು ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆಯೇ, ಅರೆನಿದ್ದೆಯಲ್ಲಿ ಏಣಿ ಇಳಿಯಬಲ್ಲಳೇ, ಮೇಲಿನಿಂದ ಜಿಗಿಯುವ ಚಾಳಿಯಿದೆಯೇ, ಹೇಳಿದ ಮಾತು ಕೇಳುತ್ತಾಳೆಯೇ ಎಂದು ಒಂದಾದ ಮೇಲೊಂದರಂತೆ ಕೇಳಿದಿರಿ. ಎಲ್ಲವನ್ನೂ ನನ್ನನ್ನೇ ಕೇಳಿದಿರಿ. ಮಲಗುವವಳು ಅವಳು, ಉತ್ತರ ಕೊಡುವವನು ನಾನು. ‘ಸಿದ್ಧಳಿದ್ದಾಳೆ’ ಎಂದು ಎದೆ ತಟ್ಟಿ ಹೇಳಿದೆ. ಮೇಲಿನ ಮಂಚದ ಮೇಲೆ ಮಗುವನ್ನು ಕಣ್ಣಾರೆ ನೋಡಿಯೇ ನಿರ್ಧರಿಸುವೆನೆಂದು ತಾವು ಇಳಿದು ಹೋದಿರಿ.

ಮರುಭಾನುವಾರ ಮಕ್ಕಳು ಬಂದರು. ನನ್ನ ಮಗನನ್ನು ನಾವು ಉಡ ಎಂದು ಕರೆಯುತ್ತೇವೆ. ಹಿಡಿದಿದ್ದನ್ನು ಬಿಡುವವನಲ್ಲ, ಹತ್ತಿದಲ್ಲಿಂದ ಇಳಿಯುವವನಲ್ಲ. ಅವನು ಚಪ್ಪಲಿ ಬಿಚ್ಚುವ ಮೊದಲೇ ಮೇಲಿನ ಮಂಚದಲ್ಲಿದ್ದ. ಕಟಕಟೆಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡಿ, “ಅಪ್ಪ, ಇಲ್ಲಿಂದ ನಿನ್ನ ಬೋಳು ತಲೆ ಕಾಣುತ್ತೆ” ಎಂದ. ನಿಯಮದ ಪ್ರಕಾರ ಅವನು ಸಿದ್ಧನಲ್ಲವಾದ್ದರಿಂದ ಸೊಂಟ ಹಿಡಿದು ಎಳೆದು ಇಳಿಸಿದೆ.

ನಿಯಮದ ಪ್ರಕಾರ ಸಿದ್ಧಳಾದವಳು ಏಣಿಯ ಎರಡನೇ ಮೆಟ್ಟಿಲಿನಲ್ಲಿ ನಿಂತಿದ್ದಳು.

“ಅಪ್ಪ, ಇದು ಅಲ್ಲಾಡುತ್ತೆ” ಎಂದಳು.

“ಅಲ್ಲಾಡಲ್ಲ ಮಗಳೇ. ನಾನೇ ಬಿಗಿದಿದ್ದು.”

“ಎರಡು ಬೋಲ್ಟು ಉಳಿದಿತ್ತಂತೆ. ಕೆಳಗೆ ಲಾಂಡ್ರಿಯವರು ಹೇಳಿದ್ರು.”

ಅದು ಎಕ್ಸ್‌ಟ್ರಾ ಎಂದು ವಿವರಿಸಿದೆ. ನಾನೇ ಮೇಲೆ ಹತ್ತಿ ಕುಣಿದು ತೋರಿಸಿದೆ. ಪುಸಲಾಯಿಸಿದೆ, ಗದರಿದೆ. ಕೊನೆಗೆ, “ನೋಡು, ನಿನ್ನ ತಮ್ಮನೇ ಹತ್ತಿದ, ನಿನಗೇನು ಕಷ್ಟ” ಎಂಬ ಮಾತೂ ಬಾಯಿಂದ ಜಾರಿತು. ಅವಳು ಇಳಿದು ಕೆಳಗಿನ ಮಂಚದ ಅಂಚಿನಲ್ಲಿ ಕುಳಿತು, ತುಂಬ ಹೊತ್ತು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಆಮೇಲೆ ತಮ್ಮನಿಗೆ ಕೇಳಿಸದ ಹಾಗೆ, “ನಾನು ಹತ್ತದಿದ್ರೆ ನಾವು ಇಲ್ಲಿ ಮಲಗೋ ಹಾಗಿಲ್ಲ ಅಲ್ವಾ?” ಎಂದು ಕೇಳಿದಳು.

ನಾನು ಬಗ್ಗಿ, ಬಿಗಿದಿದ್ದ ಬೋಲ್ಟನ್ನೇ ಇನ್ನೊಮ್ಮೆ ಬಿಗಿಯತೊಡಗಿದೆ. ಅದೇ ಉತ್ತರವಾಯಿತು. ಅವಳು ಎದ್ದು, ಕಣ್ಣು ಮುಚ್ಚಿಕೊಂಡು, ಮೆಟ್ಟಿಲನ್ನು ಕೈಯಿಂದ ತಡವುತ್ತ ತಡವುತ್ತ ಹತ್ತಿದಳು. ಗೋಡೆಗೆ ಬೆನ್ನು ಅಂಟಿಸಿ, ಕಟಕಟೆಯನ್ನು ಎರಡೂ ಕೈಯಿಂದ ಹಿಡಿದು ಮಲಗಿದಳು. “ಚೆನ್ನಾಗಿದೆ ಅಪ್ಪ” ಎಂದಳು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಮಾನ್ಯರೇ, ನಾನು ಕೆಳಗೆ ನಿಂತು ಅವಳ ಪಾದ ಸವರಿದೆ. ಇಸ್ತ್ರಿಯ ಬಿಸಿ ಹತ್ತಿದ ಆ ಕೋಣೆಯಲ್ಲಿ ಅವಳ ಪಾದ ತಣ್ಣಗಿತ್ತು. ಇದನ್ನು ಅಳೆಯುವ ಟೇಪು ತಮ್ಮಲ್ಲಿ ಇರಲಿಕ್ಕಿಲ್ಲ, ಇದ್ದರೆ ಕ್ಷಮಿಸಿ.

ಮೂರನೇ ಸಲ ತಾವು ಬಂದಾಗ ಎಲ್ಲರೂ ಇದ್ದೆವು. ಮಕ್ಕಳ ತಾಯಿ ಡ್ಯೂಟಿ ಮುಗಿಸಿ ಅದೇ ಬಟ್ಟೆಯಲ್ಲಿ ಬಂದು ಬಾಗಿಲ ಬಳಿ ನಿಂತಿದ್ದಳು. ಉಡನನ್ನು ಕೆಳಗಿನ ಮಂಚದಲ್ಲಿ ಕೂರಿಸಿದ್ದೆವು. ಮಗಳು ಯಾರೂ ಹೇಳುವ ಮುಂಚೆಯೇ ಮೇಲೆ ಹತ್ತಿ ಗೋಡೆಗಂಟಿ ಮಲಗಿದ್ದಳು. ತಾವು ತಲೆಯೆತ್ತಿ ನೋಡಿ ಪ್ರಸನ್ನರಾಗಿ, “ಮಗು ಆರಾಮಾಗಿದೆ. ಸಿದ್ಧ ಅಂತ ಬರ್ಕೊಳ್ಳಲಾ?” ಎಂದು ನನ್ನನ್ನು ಕೇಳಿದಿರಿ.

ಹೂಂ ಅನ್ನುವುದಕ್ಕೆ ಬಾಯಿ ತೆರೆಯುವ ಅಗತ್ಯವೂ ಇಲ್ಲ. ಆದರೂ ನನ್ನಿಂದ ಆಗಲಿಲ್ಲ.

“ಬರ್ಕೋಬೇಡಿ. ಅವಳಿಗೆ ಹೆದರಿಕೆ” ಎಂದೆ.

“ಮಗು ಏನೂ ಹೇಳ್ತಿಲ್ಲವಲ್ಲ.”

“ಅದಕ್ಕೇ ನಾನು ಹೇಳ್ತಿದೀನಿ.”

“ಅಪ್ಪ ಹೇಳ್ತಿರೋದು ಸುಳ್ಳು” ಎಂದಳು ಮಗಳು ಮೇಲಿನಿಂದ. “ನಂಗೇನೂ ಹೆದರಿಕೆ ಇಲ್ಲ. ನಾನು ದಿನಾ ಬೇಕಾದ್ರೂ ಮಲಗ್ತೀನಿ.” ಹೇಳುತ್ತ ಹೇಳುತ್ತಲೇ ಅಳು ಬಂತು, ಅತ್ತದ್ದಕ್ಕೆ ಸಿಟ್ಟು ಬಂತು, ಸಿಟ್ಟಿನಲ್ಲಿ ಇಳಿಯಹೋದರೆ ಏಣಿ ಕಾಲಿಗೆ ಸಿಗಲಿಲ್ಲ. ಅವರ ತಾಯಿ ಬಾಗಿಲಿನಿಂದ ಎರಡೇ ಹೆಜ್ಜೆಗೆ ಬಂದು, ಒಂಬತ್ತು ವರ್ಷದ ಹುಡುಗಿಯನ್ನು ಕೂಸಿನಂತೆ ಎತ್ತಿ ಇಳಿಸಿಕೊಂಡಳು. ಮಗಳು ಅವಳ ಹೆಗಲ ಮೇಲಿನಿಂದ ನನ್ನನ್ನು ನೋಡಿದ ನೋಟ, ನಾನೇ ಅವಳಿಗೆ ದ್ರೋಹ ಬಗೆದೆನೆಂಬಂತಿತ್ತು.

ತಾವು ಗಡಿಯಾರ ನೋಡಿಕೊಂಡಿರಿ. ದೊಡ್ಡ ಮಗು ಸಿದ್ಧವಿಲ್ಲ, ಚಿಕ್ಕದಕ್ಕೆ ವಯಸ್ಸಿಲ್ಲ, ಮಂಚ ಈ ಕುಟುಂಬಕ್ಕೆ ಸೂಕ್ತವಲ್ಲ, ಮುಂದಿನ ವರ್ಷ ನೋಡೋಣ ಎಂದು ತೀರ್ಪಿತ್ತು ಇಳಿದು ಹೋದಿರಿ. ಅಟ್ಟ ಹತ್ತಿಸಿ ಏಣಿ ತೆಗೆಯುವವರನ್ನು ಬಹಳ ಕಂಡಿದ್ದೇನೆ. ಅಟ್ಟವನ್ನೂ ತಾವೇ ಕಟ್ಟಿಸಿ, ಏಣಿಯನ್ನೂ ತಾವೇ ಇಡಿಸಿ, ಆಮೇಲೆ ತೆಗೆಯುವಷ್ಟು ವ್ಯವಸ್ಥಿತರನ್ನು ಕಂಡಿದ್ದು ಇದೇ ಮೊದಲು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಹಣೆಬರಹ ಎಂದುಕೊಂಡು ಸುಮ್ಮನಾಗುತ್ತಿದ್ದೆ. ತಾವು ಹೋದ ಮೇಲೆ ಮಕ್ಕಳ ತಾಯಿ ಕೆಳಗಿನ ಮಂಚದಲ್ಲಿ ಕುಳಿತು, ಮಡಿಲಲ್ಲಿ ಬಿಕ್ಕುತ್ತಿದ್ದ ಮಗಳ ಕೂದಲು ನೇವರಿಸುತ್ತ, “ಹೂಂ ಅಂದಿದ್ರೆ ಸಾಕಿತ್ತಲ್ಲ” ಎಂದಳು.

“ಸಾಕಿತ್ತು” ಎಂದೆ.

“ನೀನು ಹೂಂ ಅಂತೀಯ ಅಂತಾನೇ ನಾನು ಬಂದಿದ್ದೆ. ಬೇಡ ಅನ್ನೋಕೆ.”

ಉಡ ಈ ಸಂದರ್ಭ ನೋಡಿಕೊಂಡು ಮೇಲಿನ ಮಂಚ ಸೇರಿಬಿಟ್ಟಿದ್ದ. ಅವಳು ತಲೆಯೆತ್ತದೆಯೇ, “ಇಳಿಯೋ” ಎಂದಳು. ಅವನು ಇಳಿದ. ನಾನು ಕರೆದಿದ್ದರೆ ಸಂಜೆಯವರೆಗೂ ಇಳಿಯುತ್ತಿರಲಿಲ್ಲ. ಅವಳು ಕೆಳಗಿನ ಹಾಸಿಗೆಯನ್ನು ಒಮ್ಮೆ ಉದ್ದಕ್ಕೂ ನೋಡಿ, “ಇವರಿಬ್ಬರೂ ಕೆಳಗೆ, ಒಬ್ಬರ ತಲೆ ಆ ಕಡೆ, ಒಬ್ಬರ ತಲೆ ಈ ಕಡೆ. ಮೇಲೆ ನೀನು ಹತ್ತು. ಶನಿವಾರ ಕಳಿಸ್ತೀನಿ” ಎಂದಳು. ಒಲೆಯ ಪಕ್ಕದ ನೆಲವೇ ನನಗೆ ಸಾಕು ಎಂದರೆ, “ಮಕ್ಕಳು ಎದ್ದು ಪಿಸುಗುಟ್ಟಿದ್ರೂ ಕೇಳೋವಷ್ಟು ಹತ್ತಿರ ನೀನು ಇರ್ಬೇಕು” ಎಂದಳು. ಅಪ್ಪ ಅಮ್ಮ ಇಬ್ಬರೂ ಒಪ್ಪಿದ ಕಡೆ ತಮ್ಮ ಪರಿವೀಕ್ಷಣೆ ಬೇಕಿಲ್ಲವೆಂದು ಅದೇ ನಿಯಮದಲ್ಲಿದೆಯಂತೆ. ಅದನ್ನು ತಾವು ಮೂರು ಸಲ ಬಂದರೂ ನಮಗೆ ಹೇಳದೆ, ನಾವೇ ಕಂಡುಕೊಳ್ಳಲೆಂದು ಉದಾರವಾಗಿ ಬಿಟ್ಟಿರಿ. ಅದಕ್ಕಾಗಿ ತಮಗೆ ವಿಶೇಷ ಧನ್ಯವಾದ.

ಹೀಗಾಗಿ ಈಗ ಪ್ರತಿ ಶನಿವಾರ ಮೇಲಿನ ಮಂಚದಲ್ಲಿ ಮಲಗುತ್ತಿರುವವನು ನಾನು, ವಯಸ್ಸು ನಲವತ್ತೊಂದು. ಏಳುವಾಗ ಚಾವಣಿಗೆ ಹಣೆ ಬಡಿಯುತ್ತದೆ. ಅರೆನಿದ್ದೆಯಲ್ಲಿ ಏಣಿ ಸಿಗುವುದಿಲ್ಲ. ಕೆಳಗಿನಿಂದ ಉಡ ಹಲಗೆಗೆ ಒದೆಯುತ್ತಾನೆ. ಮಗಳು ನನ್ನೊಡನೆ ಮಾತು ಬಿಟ್ಟವಳು ಮೊದಲ ಶನಿವಾರ ಇಡೀ ಸಂಜೆ ಬಿಗುಮಾನದಲ್ಲಿದ್ದು, ನಾನು ಹತ್ತುವಾಗ ಮಾತ್ರ ತಡೆಯಲಾರದೆ, “ಅಪ್ಪ, ನಿಧಾನ. ಕೆಳಗೆ ನೋಡಬೇಡ, ಕೆಳಗೆ ನೋಡಿದ್ರೇ ಭಯ ಆಗೋದು” ಎಂದಳು. ನಾನು ನೋಡಲಿಲ್ಲ. ಅವಳು ಮೇಲೆ ಯಾವಾಗ ಹತ್ತುತ್ತಾಳೋ ಗೊತ್ತಿಲ್ಲ. ಹತ್ತದಿದ್ದರೂ ಯಾರ ಗಂಟೂ ಹೋಗುವುದಿಲ್ಲ.

ಕೊನೆಯದಾಗಿ ನನ್ನ ವಿನಮ್ರ ಕೋರಿಕೆಗಳು. ತಾವು ಒಂದು ಶನಿವಾರ ಬಿಡುವು ಮಾಡಿಕೊಂಡು ಬಂದು, ಬೂಟು ಬಿಚ್ಚಿ, ಕಣ್ಣು ಮುಚ್ಚಿಕೊಂಡು ಈ ಏಣಿ ಹತ್ತಿ, ಚಾವಣಿಯಿಂದ ಒಂದು ಗೇಣು ಕೆಳಗೆ ಮಲಗಿ, ‘ಚೆನ್ನಾಗಿದೆ’ ಎಂದು ನಗುಮುಖದಿಂದ ಹೇಳಿ ತೋರಿಸಬೇಕು. ಸಿದ್ಧರೋ ಅಲ್ಲವೋ ಎಂಬುದನ್ನು ತಮ್ಮನ್ನು ಬಿಟ್ಟು ಪಕ್ಕದವರನ್ನು ಕೇಳಿ ಬರೆದುಕೊಳ್ಳುತ್ತೇವೆ. ಅಧಿಕಾರದ ಕುರ್ಚಿಗಳಿಗೂ ಒಂದು ಕಟಕಟೆ ಹಾಕಿಸಬೇಕು, ಕೂತವರು ಅರೆನಿದ್ದೆಯಲ್ಲಿ ಉರುಳದಂತೆ. ಮಕ್ಕಳ ಎದುರು ಮಕ್ಕಳ ಬಗ್ಗೆ ದೊಡ್ಡವರನ್ನು ಪ್ರಶ್ನಿಸುವ ಕಲೆಯನ್ನು ಮುಂದಿನ ಪೀಳಿಗೆಗೂ ಕಲಿಸಲು ಒಂದು ಶಾಲೆ ತೆರೆಯಬೇಕು. ಅದರಲ್ಲಿ ಮಕ್ಕಳಿಗೆ ಪ್ರವೇಶ ಇರಕೂಡದು.

ಮೇಲಿನ ಮಂಚದ ನಿವಾಸಿ,
ತಮ್ಮ ವಿಶ್ವಾಸಿ,
ಲಾಂಡ್ರಿಯ ಮೇಲಿನವನು

ಮರೆತ ಮಾತು: ತಮಗೆ ಪತ್ರ ಬರೆಯುತ್ತಿದ್ದೇನೆಂದು ತಿಳಿದ ಮಗಳು, “ಅವರ ಹೆಸರೇನಪ್ಪ?” ಎಂದು ಕೇಳಿದಳು. ತಾವು ಹೇಳಿದ್ದಿರೇ ಎಂದು ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. “ಹೋಗ್ಲಿ ಬಿಡು, ಅವರೂ ನಮ್ಮ ಹೆಸರು ಕೇಳ್ಲಿಲ್ಲ” ಎಂದಳು.