ಅಳಿಯಂದಿರು ಕೂಡಿಸಿದ ಮದರ್‌ಬೋರ್ಡು

ಮನುಷ್ಯ ಯಾವುದರಿಂದ ಹೊಟ್ಟೆ ಹೊರೆಯುತ್ತಾನೋ ಅದರ ಬಗ್ಗೆ ಅವನಿಗೆ ಎಲ್ಲವೂ ತಿಳಿದಿರುತ್ತದೆ ಎಂದು ಜನ ನಂಬುತ್ತಾರೆ. ನನ್ನ ಮಟ್ಟಿಗೆ ಇದು ಶುದ್ಧ ಸುಳ್ಳು. ನಾರಾಯಣಖೇಡದ ಬಸ್ ನಿಲ್ದಾಣದ ಎದುರಿನ ಮಳಿಗೆಯಲ್ಲಿ ಹದಿನೆಂಟು ವರ್ಷಗಳಿಂದ ಕಂಪ್ಯೂಟರಿನ ಮುಂದೆ ಕುಳಿತು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದೇನೆ. ಕನ್ನಡದಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ, ಕೆಲವೊಮ್ಮೆ ಒಂದೇ ಪತ್ರಿಕೆಯಲ್ಲಿ ಮೂರರಲ್ಲೂ. ಬೀಗರ ಹೆಸರನ್ನು ಯಾವ ಸಾಲಿನಲ್ಲಿ ಹಾಕಿದರೆ ಜಗಳವಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಆ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ.

ಈ ಸಂಗತಿ ನಡೆದ ವರ್ಷ ಮಗಳು ಸುಜಾತಾಳ ಮದುವೆಯಾಗಿತ್ತು. ಅಳಿಯ ಬಸವರಾಜರು ತಾಂಡೂರಿನವರು. ನೆಲಕ್ಕೆ ಹಾಸುವ ಕಲ್ಲಿಗೆ ಪಾಲಿಷ್ ಹೊಡೆಯುವ ಕಾರ್ಖಾನೆ ಇದೆ, ಆದರೆ ಮನಸ್ಸೆಲ್ಲ ಕಂಪ್ಯೂಟರಿನ ಮೇಲೆ. ಮೊದಲ ದೀಪಾವಳಿಗೆ ಮನೆಗೆ ಬಂದಾಗ ನನ್ನ ಕಂಪ್ಯೂಟರ್ ಸತ್ತುಹೋಗಿತ್ತು, ಮಳಿಗೆಯಿಂದ ಮನೆಗೆ ತಂದಿಟ್ಟಿದ್ದೆ. ಮದರ್‌ಬೋರ್ಡ್ ಸುಟ್ಟಿದೆ ಎಂದು ಮೂಸಿ ನೋಡಿಯೇ ಹೇಳಿದರು. ಹೈದರಾಬಾದಿನಿಂದ ಹೊಸ ಬೋರ್ಡು ತರಿಸಿ, ಅಂಗಿ ಬಿಚ್ಚಿಟ್ಟು, ನಡುಮನೆಯಲ್ಲೇ ಕೂತು ಜೋಡಿಸಿದರು. ನಾನು ಟಾರ್ಚ್ ಹಿಡಿದು ನಿಂತಿದ್ದೆ. “ಹಳೇ ಡಿಸ್ಕ್ ಹಂಗೇ ಇರಲಿ ಮಾವಾರ, ನಿಮ್ಮ ಪತ್ರಿಕಿ ಎಲ್ಲಾ ಅದರಾಗೇ ಅವ” ಎಂದರು. ಪರದೆ ಬೆಳಗಿತು. ನನ್ನ ಹೆಂಡತಿ ನೀಲಮ್ಮ ಡಬ್ಬಿಗೂ ಅಳಿಯಂದಿರಿಗೂ ಕುಂಕುಮ ಹಚ್ಚಿದಳು. ಮರುದಿನ ಮಗಳು ಅಳಿಯ ತಾಂಡೂರಿಗೆ ಹೋದರು, ಡಬ್ಬಿ ಮಳಿಗೆಗೆ ಬಂತು.

ಅಲ್ಲಿಂದ ನನ್ನ ಗ್ರಹಚಾರ ಶುರು. ಒಂದು ಪತ್ರಿಕೆ ತೆರೆಯಲು ಹೇಳಿದರೆ ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತಿತ್ತು. ಡಬ್ಬಿಯೊಳಗಿಂದ ಡಿಸ್ಕು ಗರಗರ ಅನ್ನುತ್ತಿತ್ತು. ಕಲ್ಹೇರಿನ ಗಿರಾಕಿಯೊಬ್ಬರು ತಮ್ಮ ಮಗನ ಪತ್ರಿಕೆಯಲ್ಲಿ ತಪ್ಪುಗಳಿವೆಯೇ ಎಂದು ನೋಡಲು ಬಂದರು. ಚಹಾ ಕುಡಿದರು. ಎದ್ದು ಹೋಗಿ ಮಾರ್ಕೆಟ್‌ನಲ್ಲಿ ತಮ್ಮ ಎರಡು ಚೀಲ ಹೆಸರುಕಾಳು ಮಾರಿ ತಿರುಗಿ ಬಂದರು. ಚಕ್ರ ಇನ್ನೂ ತಿರುಗುತ್ತಿತ್ತು. “ಮಗನ ತಲಿ ಮ್ಯಾಲ ಅಕ್ಕಿಕಾಳು ಬೀಳೂದ್ರಾಗ ಆಗ್ತದಲ್ರಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಬೇರೆ ಯಾರಾದರೂ ಆಗಿದ್ದರೆ ಬೋರ್ಡು ಹಾಕಿದವರಿಗೆ ಫೋನು ಮಾಡುತ್ತಿದ್ದರು. ಆದರೆ ಹಾಕಿದವರು ಅಳಿಯಂದಿರು. ನಮ್ಮಲ್ಲಿ ಅಳಿಯ ಕಟ್ಟಿದ ಗೋಡೆ ವಾಲಿದರೆ ನೆಲವೇ ಸರಿಯಿಲ್ಲ ಎನ್ನಬೇಕು. ನೀಲಮ್ಮ ಮೊದಲೇ ಎಚ್ಚರಿಸಿದಳು: “ಅವರ ಹೆಸರು ಎತ್ತಬ್ಯಾಡ್ರಿ. ಹುಡುಗಿ ಹೊಸದಾಗಿ ಹೋಗ್ಯಾಳ. ನಿಮ್ಮಪ್ಪ ಹಿಂಗ ಅಂದಾನ ಅಂತ ಆ ಮನಿಯಾಗ ಒಂದು ಮಾತು ಬಿದ್ದರ ಅಕಿ ಏನ್ ಮಾಡಬೇಕು?” ಈ ಮಾತಿಗೆ ನನಗೂ ಭಯವಾಯಿತು. ದಿನಾ ಸಂಜೆ ಅಳಿಯಂದಿರು ಫೋನು ಮಾಡಿ “ಹ್ಯಾಂಗ ನಡದದ್ರಿ ಮಾವಾರ?” ಎನ್ನುತ್ತಿದ್ದರು. ತಿರುಗುವ ಚಕ್ರವನ್ನೇ ನೋಡುತ್ತ “ಕುದುರಿ ಓಡಿದಂಗ ಓಡ್ತದ್ರಿ” ಎನ್ನುತ್ತಿದ್ದೆ.

ಬೋರ್ಡಿನಲ್ಲಿ ತಪ್ಪಿರಕೂಡದು ಎಂದಾದ ಮೇಲೆ ತಪ್ಪು ಡಿಸ್ಕಿನದೇ ಇರಬೇಕು. ಡಬ್ಬಿಯನ್ನು ಇಡಿಯಾಗಿ ಒಯ್ದರೆ ಬೋರ್ಡಿನ ಗುಟ್ಟು ಹೊರಬೀಳುತ್ತದೆ. ಹಾಗಾಗಿ ಡಿಸ್ಕನ್ನಷ್ಟೇ ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಜಹೀರಾಬಾದಿನ ಬಸ್ಸು ಹತ್ತಿದೆ. ಅಲ್ಲಿ ರಿಪೇರಿ ಅಂಗಡಿಯ ಮೊಯಿನ್ ಭಾಯಿ ನನಗೆ ಹಳೆಯ ಪರಿಚಯ. ಅವರು ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಪತ್ರಿಕೆಗಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ತೆರೆದವು. “ಏ ತೋ ಡಿಸ್ಕು ಏಕದಂ ಛಲೋ ಅದರಿ ಅಣ್ಣಾರ” ಎಂದರು. ಊರಿಗೆ ತಂದು ಹಾಕಿದೆ. ಮತ್ತೆ ಗರಗರ. ಚಿಕ್ಕಂದಿನಲ್ಲಿ ನನಗೂ ಹೀಗೇ ಆಗುತ್ತಿತ್ತು. ಮನೆಯಲ್ಲಿ ಮೈ ಸುಡುತ್ತಿದ್ದ ಜ್ವರ ದವಾಖಾನೆಯ ಬಾಗಿಲಲ್ಲಿ ಇಳಿದುಬಿಡುತ್ತಿತ್ತು. ಅಪ್ಪ ಶಾಲೆ ತಪ್ಪಿಸುವ ಆಟ ಎಂದು ಬೈಯುತ್ತಿದ್ದರು. ಡಿಸ್ಕಿಗೆ ಯಾವ ಶಾಲೆ ತಪ್ಪಿಸಬೇಕಾಗಿತ್ತೋ ತಿಳಿಯಲಿಲ್ಲ.

ಎರಡನೇ ಸಲ ಹೋದಾಗ ಮೊಯಿನ್ ಭಾಯಿ ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಇದ್ದದ್ದು ಇದ್ದಹಾಗೆ ಹೊಸ ಡಿಸ್ಕಿಗೆ ಇಳಿಸಿಕೊಟ್ಟರು. ಹೊಸದೂ ಅಲ್ಲಿ ಓಡಿತು, ಇಲ್ಲಿ ತೆವಳಿತು. ನಮ್ಮೂರ ಕರೆಂಟಿನ ಮೇಲೆ, ನನ್ನ ಮಳಿಗೆಯ ದಿಕ್ಕಿನ ಮೇಲೆ, ಕೊನೆಗೆ ನನ್ನ ಮೇಲೆಯೇ ಸಂಶಯ ಬಂತು. ಮೂರನೇ ಸಲ ಹೋದಾಗ ಮೊಯಿನ್ ಭಾಯಿ ಡಿಸ್ಕನ್ನು ಮುಟ್ಟಲೇ ಇಲ್ಲ.

“ಅಣ್ಣಾರ, ಖರೇ ಹೇಳ್ರಿ. ಬೋರ್ಡು ಬದಲಿ ಮಾಡೀರಿ?”

ನಾನು ಡಿಸ್ಕನ್ನು ಮತ್ತೆ ಟವೆಲಿನಲ್ಲಿ ಸುತ್ತತೊಡಗಿದೆ.

“ಯಾರು ಹಾಕ್ಯಾರ?”

“ಅಳಿಯಂದಿರು” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಮೊಯಿನ್ ಭಾಯಿ ಎದ್ದು ನನಗೆ ಕುರ್ಚಿ ಕೊಟ್ಟರು, ಚಹಾ ಹೇಳಿದರು. “ನಮ್ಮ ದಾಮಾದ, ಅಂದ್ರ ಅಳಿಯ, ನಮ್ಮ ಮನಿ ನಳ ರಿಪೇರಿ ಮಾಡ್ಯಾನ್ರಿ. ಎರಡು ತಿಂಗಳಾತು, ಬಾಜು ಮನಿಯಿಂದ ನೀರು ತರಾಕತ್ತೀವಿ” ಎಂದರು. ಆಮೇಲೆ ತಿಳಿಸಿ ಹೇಳಿದರು. ಡಿಸ್ಕನ್ನು ನಡೆಸಲು ಬೋರ್ಡಿನಲ್ಲಿ ಕಂಟ್ರೋಲರ್ ಎಂಬುದೊಂದು ಇರುತ್ತದಂತೆ. ಅದಕ್ಕೆ ಆಯಾ ಬೋರ್ಡಿನದೇ ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕಂತೆ. ಅಳಿಯಂದಿರು ಬೋರ್ಡು ಹಾಕಿದ್ದರು, ಅದರ ಡ್ರೈವರ್ ಹಾಕಿರಲಿಲ್ಲ. ಡಿಸ್ಕಿನೊಳಗೆ ಸತ್ತುಹೋದ ಬೋರ್ಡಿನ ಡ್ರೈವರೇ ಕುಳಿತಿತ್ತು. ಮೊಯಿನ್ ಭಾಯಿಯ ಕಂಪ್ಯೂಟರಿಗೆ ತನ್ನದೇ ಡ್ರೈವರ್ ಇದ್ದುದರಿಂದ ಅಲ್ಲಿ ಓಡುತ್ತಿತ್ತಂತೆ. ಹೊಸ ಡಿಸ್ಕಿಗೂ ನಾವು ಅದನ್ನೇ ಭಕ್ತಿಯಿಂದ ಇಳಿಸಿಕೊಂಡಿದ್ದೆವು. ನನಗೆ ಅರ್ಧ ತಿಳಿಯಿತು, ಉಳಿದರ್ಧಕ್ಕೆ ತಲೆಯಾಡಿಸಿದೆ.

ಮರುದಿನ ಡಬ್ಬಿಯನ್ನೇ ಹೊತ್ತು ಹೋದೆ. ಮೊಯಿನ್ ಭಾಯಿ ಇಂಟರ್‌ನೆಟ್‌ನಿಂದ ಡ್ರೈವರ್ ಇಳಿಸಿ ಹಾಕಿದರು. ಹತ್ತು ನಿಮಿಷ ಹಿಡಿಯಲಿಲ್ಲ. ಡಬ್ಬಿ ಮುಚ್ಚುವ ಮುನ್ನ, ಅಳಿಯಂದಿರು ಒಂದು ಸ್ಕ್ರೂ ಹಾಕುವುದನ್ನು ಮರೆತಿದ್ದನ್ನು ನೋಡಿ, ಬೇರೆಯವರ ಕೈ ಬಿದ್ದದ್ದು ಗೊತ್ತಾಗದಿರಲೆಂದು ಅವರೂ ಅದನ್ನು ಹಾಕದೆ ಬಿಟ್ಟರು.

ಎಳ್ಳಮಾವಾಸ್ಯೆಗೆ ಮಗಳು ಅಳಿಯ ಬಂದರು. ಅಳಿಯಂದಿರು ನೇರ ಮಳಿಗೆಗೇ ಬಂದು ಒಂದು ಪತ್ರಿಕೆ ತೆರೆದರು. ಪಟ್ಟನೆ ತೆರೆಯಿತು. “ನೋಡ್ರಿ ಮಾವಾರ, ನಾ ಕೂಡಿಸಿದ್ದು ಹ್ಯಾಂಗ ಅದ” ಎಂದರು. “ನಿಮ್ಮ ಕೈಗುಣರಿ” ಎಂದೆ. ಅವರ ಮುಖ ಅರಳಿತು. ಪಕ್ಕದಲ್ಲಿದ್ದ ಸುಜಾತಾಳ ಮುಖ ಇನ್ನೂ ಹೆಚ್ಚು ಅರಳಿತು. ಅದನ್ನು ನೋಡಿ ನಾಲ್ಕು ಸಲ ಬಸ್ಸು ಹತ್ತಿದ ಆಯಾಸವೆಲ್ಲ ಇಳಿಯಿತು.

ಮನೆಗೆ ಬಂದು ಅಡುಗೆಮನೆಯಲ್ಲಿ ನೀಲಮ್ಮನಿಗೆ ಇದನ್ನೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಸಜ್ಜೆರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಭಾಳ ನಗಬ್ಯಾಡ್ರಿ. ನಮ್ಮ ಲಗ್ನಾದ ವರ್ಷ ಬೊಮ್ರಾಸಪೇಟಿನ್ಯಾಗ ನಮ್ಮಪ್ಪನ ರೇಡಿಯೋ ನೀವೇ ರಿಪೇರಿ ಮಾಡಿದ್ರಿ, ನೆನಪದ?”

“ಇಲ್ದ ಏನು? ಆಮ್ಯಾಲ ಹತ್ತು ವರ್ಷ ನಡೀತಲ್ಲ.”

“ಮರುದಿನ ಮುಂಜಾನಿ ಮೊದಲನೇ ಬಸ್ಸಿಗೆ ಅಪ್ಪ ಅದನ್ನ ರಿಪೇರಿಗೆ ಕೊಡಂಗಲ್‌ಗೆ ಒಯ್ದಿದ್ದ. ನಿಮಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡಿದ್ದ.”

ಆ ರೇಡಿಯೋದ ಕತೆಯನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮಾವ ಪ್ರತಿ ಸಲವೂ ಪಕ್ಕದಲ್ಲಿ ಕೂತು ಹೌದು ಹೌದು ಎನ್ನುತ್ತಿದ್ದರು. ಆ ಪುಣ್ಯಾತ್ಮ ಈಗಿಲ್ಲ. ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಅಷ್ಟರಲ್ಲಿ ನಡುಮನೆಯಿಂದ ಅಳಿಯಂದಿರ ದನಿ ಬಂತು. “ಮಾವಾರ, ಈ ಫ್ಯಾನು ಸಪ್ಪಳ ಮಾಡ್ತದಲ್ರಿ, ಬಿಚ್ಚಿ ನೋಡ್ಲಿ?”

ನಾನೇ ಹೋಗಿ ಸ್ಟೂಲು ಹಿಡಿದುಕೊಂಡೆ.