ಸವತಿಗೆ ಎಣ್ಣೆ, ಹೆಂಡತಿಗೆ ಪರೀಕ್ಷೆ

ಆ ದಿನವೂ ಎಲ್ಲ ದಿನದಂತೆ ಜಗಳದಿಂದಲೇ ಶುರುವಾಯಿತು. ಢಮಾರಪ್ಪ ಕಿಟಕಿಯ ಕೆಳಗೆ ಚಾಪೆ ಹಾಸಿ ಕೂತು, ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ಸವರುತ್ತಿದ್ದ. ಹೆಂಡತಿ ಆ ಬಂದೂಕನ್ನು ಸವತಿ ಎಂದೇ ಕರೆಯುತ್ತಿದ್ದಳು.

(ಒಡವೆ ಅಂಗಡಿಯ ಬಾಗಿಲಲ್ಲಿ ಕಾವಲು ಕೂರುವುದು ಅವನ ಕೆಲಸ. ಬಂದೂಕು ಒಂದು ದಿನವೂ ಢಮಾರ್ ಎಂದದ್ದಿಲ್ಲ. ಆದರೂ ಬೀದಿಯವರು ಇಟ್ಟ ಹೆಸರು ಢಮಾರಪ್ಪ. ಅದು ಬಂದೂಕಿನಿಂದ ಬಂದ ಹೆಸರಲ್ಲ, ಹೆಂಡತಿಯ ಬಾಯಿಯಿಂದ ಬಂದದ್ದು ಎನ್ನುವವರೂ ಇದ್ದರು.)

"ಅವಳಿಗೆ ದಿನಾ ಎಣ್ಣೆ. ನನ್ನ ಮಂಡಿ ಹಳೇ ಬಾಗಿಲಿನ ಹಾಗೆ ಕಿರ್ ಅಂತಿದೆ. ಒಂದು ತೊಟ್ಟು ಹಚ್ಚಿದ್ದೀರಾ ಇವತ್ತಿನವರೆಗೂ?"

"ಬಾ ಇಲ್ಲಿ, ಇದನ್ನೇ ಹಚ್ತೀನಿ. ಕಬ್ಬಿಣಾನೇ ಸುಮ್ಮನಾಗುತ್ತೆ, ನಿನ್ನ ಮಂಡಿ ಯಾವ ಲೆಕ್ಕ?"

"ನಾನೇನು ಕಬ್ಬಿಣಾನಾ?"

"ನೀನಲ್ಲ. ನಿನ್ನ ನಾಲಿಗೆ."

ನಗಲು ಹೋಗಿ ಕೆಮ್ಮು ಬಂತು ಅವನಿಗೆ. ಅವಳು ಕೆಮ್ಮಿನ ಔಷಧಿಯ ಚಮಚ ಹಿಡಿದು ಬಂದಳು. ಅವನು ಬಾಯಿಗೆ ಕೈ ಅಡ್ಡ ಹಿಡಿದ.

"ಬೇಡ ಕಣೇ. ಇವತ್ತು ಲೈಸೆನ್ಸಿಗೆ ಉಚ್ಚೆ ಪರೀಕ್ಷೆ. ಹೊಸ ಕಾನೂನು. ಬಂದೂಕು ಇಟ್ಕೊಂಡೋನು ಮತ್ತಿನ ಪದಾರ್ಥ ತಗೊಳ್ತಾನಾ ಅಂತ ನೋಡ್ತಾರೆ. ಈ ಔಷಧೀಲಿ ಮತ್ತಿದೆ."

"ಕೆಮ್ಮಿನ ಔಷಧೀಲಿ ಎಂಥಾ ಮತ್ತು? ತಲೆ ಕೆಟ್ಟಿದೆ ನಿಮಗೆ."

"ತಿಳೀದೆ ಮಾತಾಡಬೇಡ. ಅರ್ಜಿ ಹಾಕಿದೋನಿಗೆ ಹಕ್ಕೂ ಇದೆ. ಫೇಲ್ ಮಾಡಿದ್ರೆ ಯಾಕೆ ಅಂತ ಹೇಳ್ಬೇಕು. ಇನ್ನೊಂದು ಸಲ ಪರೀಕ್ಷೆ ಮಾಡ್ಬೇಕು. ನನ್ನ ಮಾತು ಕೇಳ್ಬೇಕು."

"ಮನೇಲಿ ಯಾರೂ ಕೇಳದ ಮಾತನ್ನ ಅಲ್ಲಿ ಕೇಳ್ತಾರಾ?"

ಅವನು ಸವತಿಯನ್ನು ಹೆಗಲಿಗೇರಿಸಿ ಹೊರಟ. ಪರೀಕ್ಷೆಗೆಂದು ಬೆಳಗಿನಿಂದ ಉಚ್ಚೆ ಕಟ್ಟಿಕೊಂಡಿದ್ದನಲ್ಲ, ಕಾಲು ಜೋಡಿಸಿಕೊಂಡು ಬಾತುಕೋಳಿಯಂತೆ ನಡೆದ. ಅವಳು ಕಿಟಕಿಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಮಾಲೀಕ, "ಏಳೋ ಢಮಾರಪ್ಪ, ಮನೆಗೆ ಹೋಗಿ ಮಲಗು" ಎಂದ. ಅವನು ಏಳಲಿಲ್ಲ. ಸ್ಟೂಲಿನ ಮೇಲೆ ಕೂತಲ್ಲೇ ಯಾವಾಗಲೋ ಹೋಗಿಬಿಟ್ಟಿದ್ದ. ದಿನವೂ ಅಲ್ಲಿ ತೂಕಡಿಸುವವನೇ ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಬಂದೂಕಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಪರೀಕ್ಷೆಯಲ್ಲಿ ಅವನು ಪಾಸಾಗಿದ್ದ. ಆಮೇಲೆ ತಿಳಿಯಿತು.

ಲೈಸೆನ್ಸಿನವನು ಇಲ್ಲವೆಂದು ಪೊಲೀಸರು ಬಂದೂಕು ಒಯ್ದರು. ಮೊದಲು ಅವಳಿಗೆ ಅದರ ನೆನಪೂ ಇರಲಿಲ್ಲ. ಒಂದು ಬೆಳಿಗ್ಗೆ ಕಿಟಕಿಯ ಕೆಳಗಿನ ಖಾಲಿ ಚಾಪೆ ನೋಡಿ ಎದ್ದವಳು ನೇರ ಠಾಣೆಗೆ ಹೋದಳು. ಹಿಂದಿನ ಕೋಣೆಯ ತೇವದ ಗೋಡೆಗೆ ಒರಗಿಸಿದ್ದ ಬಂದೂಕುಗಳ ಸಾಲಿನಲ್ಲಿ ಸವತಿ ನಿಂತಿದ್ದಳು. ನಳಿಗೆಯ ಬಾಯಿಗೆ ತುಕ್ಕು ಹತ್ತಿತ್ತು. ಆ ಕಬ್ಬಿಣವನ್ನು ಕೊನೆಗೆ ಸವರಿದ್ದು ಅವನ ಕೈ. ಅದರ ಗುರುತೂ ತುಕ್ಕಿನ ಜೊತೆ ಉದುರಿ ಹೋಗುತ್ತಿತ್ತು.

"ನಮ್ಮನೇದು ಕೊಡಿ ಸಾಹೇಬ್ರೇ."

"ನಿಮ್ಮ ಹೆಸರಿಗೆ ಲೈಸೆನ್ಸ್ ಆಗ್ಬೇಕಮ್ಮ. ಉಚ್ಚೆ ಪರೀಕ್ಷೆನೂ ಆಗ್ಬೇಕು."

"ಮಾಡಿಸಿ. ನನ್ನಲ್ಲಿ ಏನು ಸಿಗುತ್ತೆ? ಉಪ್ಪು ಮತ್ತು ಸಿಟ್ಟು."

ಬೇರೆಯೂ ಸಿಕ್ಕಿತು. ಫಲಿತಾಂಶ ಬಂದ ದಿನ ಸಾಹೇಬರು ಕಾಗದ ನೋಡಿದರು, ಅವಳನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ಅಮ್ಮ, ನೀವು ಮತ್ತಿನ ಪದಾರ್ಥ ತಗೊಳ್ತೀರಾ?"

ಇಡೀ ಠಾಣೆ ಕತ್ತು ತಿರುಗಿಸಿತು. ಲಾಕಪ್ಪಿನಲ್ಲಿದ್ದ ಕಳ್ಳನೂ ಗೌರವದಿಂದ ಎದ್ದು ನಿಂತ.

"ಯಾಕೆ ಫೇಲ್ ಅಂತ ಹೇಳ್ಬೇಕು!" ಎಂದು ಅವಳು ಢಮಾರ್ ಎಂದಳು. "ಇನ್ನೊಂದು ಸಲ ಪರೀಕ್ಷೆ ಮಾಡ್ಬೇಕು! ನನ್ನ ಮಾತು ಕೇಳ್ಬೇಕು! ಅರ್ಜಿ ಹಾಕಿದೋರ ಹಕ್ಕು ಅದು!"

ಎಲ್ಲವೂ ಅವನ ಮಾತೇ. ಸಾಹೇಬರು ಕುರ್ಚಿ ಎಳೆದು ಕೊಟ್ಟರು.

"ಕೂತ್ಕೊಳ್ಳಿ. ಕೇಳ್ತೀನಿ. ಏನಾದ್ರೂ ಔಷಧಿ ತಗೊಳ್ತಿದ್ದೀರಾ?"

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಗೊರಕೆ ಇಲ್ಲದ ಮನೆಯಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅವನು ಬಿಟ್ಟುಹೋದ ಬಾಟಲಿಯಿಂದ ಒಂದು ಚಮಚ ಕುಡಿದಿದ್ದಳು. ಕಣ್ಣು ಹತ್ತಿತ್ತು. ಅದು ಮುಗಿದ ಮೇಲೆ ಇನ್ನೊಂದು ಬಾಟಲಿ ತಂದಿದ್ದಳು. ಔಷಧಿ ತಾನೆ?

"ಕೆಮ್ಮಿನದು," ಎಂದಳು.

"ನಿಮಗೆ ಕೆಮ್ಮಿದ್ಯಾ?"

"ನಮ್ಮನೆಯವರಿಗಿತ್ತು."

ನಗಲು ಬಾಯಿ ತೆರೆದಿದ್ದ ಪೇದೆ ತನ್ನ ಬೂಟು ನೋಡಿಕೊಂಡ.

"ಅದನ್ನ ಬಿಟ್ಟು ಬನ್ನಿ," ಎಂದರು ಸಾಹೇಬರು. "ಮತ್ತೆ ಪರೀಕ್ಷೆ ಮಾಡಿಸ್ತೀನಿ. ಅದು ನಿಮ್ಮ ಹಕ್ಕು."

"ಅಷ್ಟರಲ್ಲಿ ಸವತಿ ತುಕ್ಕು ಹಿಡಿದು ಸಾಯ್ತಾಳಲ್ಲ?"

ಯಾವ ಸವತಿ ಎಂದು ಅರ್ಥವಾಗುವಷ್ಟರಲ್ಲಿ ಸಾಹೇಬರು ಅರ್ಧ ಕಪ್ ಚಹಾ ಚೆಲ್ಲಿಕೊಂಡಿದ್ದರು. ಕೊನೆಗೆ, ಪೇದೆಯ ಎದುರು ಕೂತು ಠಾಣೆಯಲ್ಲೇ ಎಣ್ಣೆ ಹಚ್ಚಲು ಒಪ್ಪಿದರು.

ಅವಳು ಬಾಟಲಿಯನ್ನು ಬಚ್ಚಲಿಗೆ ಸುರಿದಳು. ರಾತ್ರಿಯೆಲ್ಲ ಹೊರಳಾಡಿದಳು, ಗೋಡೆಗೆ ಬೈದಳು. ಬೆಳಗಾದರೆ ಎಣ್ಣೆಡಬ್ಬಿ ಹಿಡಿದು ಠಾಣೆಗೆ ನಡೆದಳು. ಎರಡನೇ ಪರೀಕ್ಷೆ ಪಾಸು. ಲೈಸೆನ್ಸ್ ಬಂತು. ಸವತಿಯನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಬಂದಾಗ, ಅಲ್ಲಿಯವರೆಗೆ ಅವಳ ಜೊತೆ ವಾದಿಸುತ್ತಿದ್ದ ತರಕಾರಿಯವನು ಕೇಳದೆಯೇ ಕೊಸರು ಹಾಕಿದ.

ಮರುದಿನ ಬಾಗಿಲಲ್ಲಿ ಪೇದೆ.

"ನಾನು ಪಾಸಾಗಿದ್ದೀನಿ!"

"ಅದಕ್ಕಲ್ಲಮ್ಮ. ನಿಮ್ಮದು ಹೊಳೆಯೋದು ನೋಡಿದ ಮೇಲೆ ಸಾಹೇಬ್ರಿಗೆ ಠಾಣೇಲಿರೋ ಉಳಿದ ಬಂದೂಕುಗಳನ್ನ ನೋಡೋಕಾಗ್ತಿಲ್ಲ. ಎಣ್ಣೆ ಅವರೇ ಕೊಡ್ತಾರಂತೆ."

ಒಬ್ಬ ಸವತಿಯನ್ನು ಬಿಡಿಸಿಕೊಂಡು ಬರಲು ಹೋದವಳ ಕೊರಳಿಗೆ ಗೋಡೆಯುದ್ದದ ಸವತಿಯರು ಗಂಟುಬಿದ್ದರು.

ಈಗಲೂ ದಿನಾ ಬೆಳಿಗ್ಗೆ ಠಾಣೆಗೆ ಹೊರಡುವ ಮುಂಚೆ ಕಿಟಕಿಯ ಕೆಳಗೆ ಚಾಪೆ ಹಾಸುತ್ತಾಳೆ. ಮನೆಯ ಸವತಿಗೆ ಮೊದಲು ಎಣ್ಣೆ. ಆದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಬೆರಳಿನಲ್ಲಿ ಉಳಿದ ಎಣ್ಣೆಯನ್ನು ಮಂಡಿಗೆ ತಿಕ್ಕಿಕೊಳ್ಳುತ್ತಾಳೆ. ಗೋಡೆ ಹಿಡಿದು ಏಳುತ್ತಾಳೆ.

ಕಿರ್.

"ಸುಮ್ಮನಾಗಲೇ ಇಲ್ವಲ್ರೀ," ಎಂದು ಚಾಪೆಗೆ ಹೇಳಿ, ಅದನ್ನು ಸುತ್ತಿಡುತ್ತಾಳೆ.