ಹತ್ತರಾಗ ಏಳು ಎನ್ನುವ ನಮ್ಮ ಭಾವ

ನಮ್ಮ ಭಾವನವರ ಬಾಯಿಂದ ಇದುವರೆಗೆ ಯಾರೂ ಒಂದು ‘ಹೂಂ’ ಹೊರಡಿಸಿಲ್ಲ. ‘ಊಹೂಂ’ ಕೂಡ ಹೊರಡಿಸಿಲ್ಲ. ಮೂಗರೇನಲ್ಲ. ಮುಂಬಯಿಯ ಫೋರ್ಟ್‌ನ ಕಾಲೇಜೊಂದರಲ್ಲಿ ಗಂಟೆಗಟ್ಟಲೆ ಸಂಖ್ಯಾಶಾಸ್ತ್ರ ಹೇಳಿ ಹುಡುಗರನ್ನು ನಿದ್ದೆಗೆ ಕಳಿಸುವವರು. ಆದರೆ ಮನೆಯಲ್ಲಿ “ಚಹಾ ಮಾಡಲೇನ್ರಿ ಭಾವ?” ಎಂದು ಕೇಳಿದರೆ “ಕುಡಿಯೂ ಸಂಭವ ಹೆಚ್ಚೈತಿ” ಎನ್ನುತ್ತಾರೆ. ಎದುರಿಗೇ ಕುಳಿತ ಮನುಷ್ಯನಿಗೆ ತಾನು ಚಹಾ ಕುಡಿಯುತ್ತೇನೋ ಇಲ್ಲವೋ ಖಾತ್ರಿ ಇಲ್ಲದಿದ್ದರೆ ನೀರಿಡುವವಳ ಗತಿ ಏನು ಹೇಳಿ?

ಇವರು ನನ್ನ ಯಜಮಾನರ ಅಣ್ಣ. ಸಾಂತಾಕ್ರೂಜ್‌ನ ಎರಡು ಕೋಣೆಗಳ ನಮ್ಮ ಬ್ಲಾಕಿನಲ್ಲಿ ನಾವಿಬ್ಬರು, ನಮ್ಮ ಅತ್ತೆ, ಮತ್ತು ಭಾವನವರು. ಭಾವನವರ ಹೆಂಡತಿ ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ, ನಾನು ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮುಂಚೆ ತೀರಿಕೊಂಡಿದ್ದರು. ಜ್ವರ ಬಂದಿತ್ತಂತೆ ಎಂದು ಯಜಮಾನರು ಒಮ್ಮೆ ಹೇಳಿದ್ದು ಬಿಟ್ಟರೆ ಮನೆಯಲ್ಲಿ ಆ ಮಾತು ಎತ್ತುವವರಿರಲಿಲ್ಲ.

ನಾನು ಹೊಸದಾಗಿ ಬಂದಾಗ ಬೆಳಿಗ್ಗೆ ಬಾಗಿಲಲ್ಲಿ ನಿಂತು, ರಾತ್ರಿ ಊಟಕ್ಕೆ ಬರುತ್ತೀರೇನು ಎಂದು ಕೇಳುತ್ತಿದ್ದೆ. “ಹತ್ತರಾಗ ಏಳು” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು. ಕೆಲವು ದಿನ ಸಹಿಸಿದೆ. ಒಂದು ದಿನ ಜೋಳದ ರೊಟ್ಟಿಯ ಹತ್ತು ಪಾಲಿನಲ್ಲಿ ಸುಮಾರು ಮೂರನ್ನು ಮುರಿದು ತೆಗೆದು ಉಳಿದದ್ದನ್ನು ಅವರ ತಟ್ಟೆಗೆ ಹಾಕಿದೆ. ಇದೇನೆಂದು ಕೇಳಿದರು. ನೀವು ಹೇಳಿದ್ದಷ್ಟೇ ಬಡಿಸಿದ್ದೇನೆ ಎಂದೆ. ಸಿಟ್ಟು ಬರಬಹುದು, ಅತ್ತೆ ಬೈಯಬಹುದು ಎಂದು ಸೆರಗು ಬಿಗಿಹಿಡಿದು ನಿಂತಿದ್ದೆ. ಆ ಪುಣ್ಯಾತ್ಮರು ಮುರುಕು ರೊಟ್ಟಿಯನ್ನು ದೀಪದ ಕಡೆ ಎತ್ತಿ ಹಿಡಿದು ನೋಡಿ, ನನ್ನ ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ತಿಳಿದುಕೊಂಡವರು ಯಾರೂ ಇಲ್ಲವೆಂದು ಹೇಳಿ, ಸಂತೋಷದಿಂದ ಅಷ್ಟನ್ನೇ ತಿಂದು ಎದ್ದರು! ಹಸಿದು ಮಲಗಿದವರು ಅವರು. ನಿದ್ದೆ ಬಾರದವಳು ನಾನು. ಇಂಥವರ ಮೇಲೆ ಸಿಟ್ಟಾಗುವುದು ಹೇಗೆ?

ಅವರ ಪ್ರಕಾರ ಈ ಜಗತ್ತಿನಲ್ಲಿ ಎಲ್ಲಕ್ಕೂ ಅವೇ ನಾಲ್ಕು ಸೂತ್ರ. ನನ್ನ ಬೆಲ್ಲದ ಡಬ್ಬಿಗೆ ಇರುವೆ ಮುತ್ತುವುದೂ, ಬಿಲ್ಡಿಂಗಿನ ಮಕ್ಕಳಿಗೆ ಒಬ್ಬರಿಂದ ಒಬ್ಬರಿಗೆ ದಡಾರ ಹಬ್ಬುವುದೂ, ಸ್ಟೇಶನ್ನಿನಲ್ಲಿ ಜನ ಸೇರುವುದೂ ಕಾಗದದ ಮೇಲೆ ಒಂದೇ ಅಂತೆ. ಹಾಗೆಂದು ಒಂದು ವಾರ ಇರುವೆಗಳನ್ನು ಒರೆಸಲು ಬಿಡಲಿಲ್ಲ. ಬೆಲ್ಲ ಮುಗಿದ ಮೇಲೆ ಇರುವೆಗಳೂ ಹೋದವು. ಆಗ ಅವರಿಗೆ ಹೊಳೆಯಿತು: ಇರುವೆ ಹೇಗೆ ಡಬ್ಬಿಯ ಬಾಯಿಯ ಹತ್ತಿರ ಗಂಟುಕಟ್ಟುತ್ತವೋ ಹಾಗೇ ಜನ ಸ್ಟೇಶನ್ನಿನ ಜಿನೆಯ ಮೆಟ್ಟಿಲ ಹತ್ತಿರ ಗಂಟುಕಟ್ಟುತ್ತಾರೆ. ಆದ್ದರಿಂದ ಪ್ಲಾಟ್‌ಫಾರ್ಮಿನಲ್ಲಿ ಗರ್ದಿ ಎಲ್ಲಕ್ಕಿಂತ ಕಡಿಮೆ ಇರುವ ಒಂದು ಜಾಗ ಇದ್ದೇ ಇರಬೇಕು. ಲೆಕ್ಕ ಹಾಕಿದರು, ಜಾಗ ಹುಡುಕಿದರು, ಮರುದಿನ ಛತ್ರಿ ಊರಿಕೊಂಡು ಅಲ್ಲಿ ಒಬ್ಬರೇ ರಾಜರ ಹಾಗೆ ನಿಂತರು. ನಿಜ, ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾಕೆಂದರೆ ಲೋಕಲ್ ಗಾಡಿ ಅಲ್ಲಿಯವರೆಗೆ ಬರುವುದೇ ಇಲ್ಲ! ಅದಕ್ಕಿಂತ ಹಿಂದೆಯೇ ನಿಂತುಬಿಡುತ್ತದೆ. ಇವರು ಛತ್ರಿ ಎತ್ತಿಕೊಂಡು ಓಡುವಷ್ಟರಲ್ಲಿ ಗಾಡಿ ಹೊರಟಿತ್ತು. ಸಂಜೆ ಬಂದು ನನಗೆ ಹೇಳಿದರು: “ಲೆಕ್ಕ ತಪ್ಪಿಲ್ಲ. ಗಾಡಿ ಗಿಡ್ಡ ಆತು.”

ಇವೆಲ್ಲ ನಗುವ ಮಾತು. ದೇವರ ತಂಟೆಗೆ ಹೋದದ್ದು ಮಾತ್ರ ನನಗೆ ನಗು ತರಲಿಲ್ಲ.

ನಮ್ಮ ಮನೆದೇವರು ಗೇಣುದ್ದದ ಹಿತ್ತಾಳೆಯ ವೀರಭದ್ರ. ಅತ್ತೆ ಊರಿನಿಂದ ಮುಂಬಯಿಗೆ ಬರುವಾಗ ಮಡಿಲಲ್ಲಿಟ್ಟುಕೊಂಡು ತಂದದ್ದು. ಏನೇ ದೊಡ್ಡ ಕೆಲಸವಿರಲಿ, ನಮ್ಮ ಮನೆತನದಲ್ಲಿ ಪ್ರಸಾದ ಕೇಳದೆ ಹೆಜ್ಜೆ ಇಡುವುದಿಲ್ಲ. ದೇವರ ಎರಡೂ ಹೆಗಲಿಗೆ ಒದ್ದೆ ಮಾಡಿದ ಸೇವಂತಿ ಅಂಟಿಸಿ, ಮನೆಯ ಹಿರಿಮಗ ಬಾಯಿಬಿಟ್ಟು ಕೇಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ‘ಆಗಲಿ’ ಎಂದು ಅಪ್ಪಣೆ. ಎಡಗಡೆಯದು ಬಿದ್ದರೆ ‘ಬೇಡ’. ಈ ದೇವರು ನಮಗೆ ದಾದರಿನ ದೊಡ್ಡ ಮನೆ ಬೇಡ ಎಂದಿದ್ದ. ಯಜಮಾನರಿಗೆ ಪುಣೆಯ ನೌಕರಿ ಬೇಡ ಎಂದಿದ್ದ. ರೇಡಿಯೋ ಸಹ ಬೇಡ ಎಂದಿದ್ದ. ದೇವರ ಮನಸ್ಸು, ನಾನು ಕೇಳುವವಳೇ?

ಯುದ್ಧದ ಬ್ಲ್ಯಾಕೌಟು ಮುಗಿದ ಮರುವರ್ಷ ಇರಬೇಕು. ಒಂದು ಮಧ್ಯಾಹ್ನ ರೇಶನ್ ತೆಗೆದುಕೊಂಡು ಬಂದರೆ, ಅತ್ತೆ ಒಳಗೆ ಮಲಗಿದ್ದಾರೆ, ಭಾವನವರು ದೇವರ ಜಗುಲಿಯ ಮುಂದೆ ಚಕ್ಕಳಮಕ್ಕಳ ಕುಳಿತು ವೀರಭದ್ರನ ಹೆಗಲಿಗೆ ಹೂ ಅಂಟಿಸುತ್ತಿದ್ದಾರೆ. ಬಿದ್ದಿತು. ಮತ್ತೆ ಅಂಟಿಸಿದರು. ಮತ್ತೆ ಬಿದ್ದಿತು. ಹಬ್ಬಕ್ಕೂ ಕೈ ಮುಗಿಯದ ಮನುಷ್ಯನಿಗೆ ಭಕ್ತಿ ಬಂತಲ್ಲ ಎಂದು ನನಗೆ ಕಣ್ಣಲ್ಲಿ ನೀರು. ಮೆಲ್ಲಗೆ, ದೇವರಿಗೆ ಏನು ಕೇಳುತ್ತಿದ್ದೀರಿ ಎಂದೆ.

“ಏನೂ ಕೇಳವಲ್ಲೆ” ಎಂದರು ತಿರುಗದೆ. “ಏನೂ ಕೇಳದಿದ್ರೂ ಬ್ಯಾಡ ಅಂತಾನ.”

ಆಮೇಲೆ ತೋರಿಸಿದರು. ವೀರಭದ್ರನ ಬಲಗೈಯಲ್ಲಿ ಎತ್ತಿದ ಖಡ್ಗವಿದೆ; ಆ ತೋಳಿನ ಸಂದಿಯಲ್ಲಿ ಹೂ ಸಿಕ್ಕಿಕೊಳ್ಳುತ್ತದೆ. ಎಡ ಹೆಗಲು ಸವೆದು ನುಣ್ಣಗಾಗಿದೆ. ಯಾಕೆ ಸವೆಯಿತು? ಸೋಮವಾರ ಸೋಮವಾರ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನಾವು ಹೆಂಗಸರು ಖಡ್ಗ ಚುಚ್ಚೀತೆಂದು ಬಲಗಡೆ ಬಿಟ್ಟು ಎಡಗಡೆಯೇ ತಿಕ್ಕುತ್ತೇವೆ. ನಾನೂ ತಿಕ್ಕಿದ್ದೇನೆ, ಅತ್ತೆ ತಿಕ್ಕಿದ್ದಾರೆ, ಅವರ ಅತ್ತೆಯೂ ತಿಕ್ಕಿದ್ದಾರೆ. ಮೂರು ತಲೆಮಾರಿನ ನಮ್ಮ ಭಕ್ತಿಯೇ ದೇವರಿಗೆ ‘ಬೇಡ’ ಎನ್ನುವುದನ್ನು ಕಲಿಸಿತ್ತು!

ನಾನು ಗಲ್ಲ ಗಲ್ಲ ಬಡಿದುಕೊಂಡೆ. ಭಾವನವರು ನಗಲಿಲ್ಲ. ಗೆದ್ದವರ ಮುಖವೂ ಅಲ್ಲ ಅದು. ಹೂಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತ, “ಅವ್ವಗ ಹೇಳಬ್ಯಾಡ ತಂಗಿ” ಎಂದರು. ಬೈಗುಳಕ್ಕೆ ಹೆದರಿದರು ಎಂದುಕೊಂಡೆ.

ಆ ವರ್ಷವೇ ನಾನು ಮೂರನೆಯ ಸಲ ಬಸುರಿಯಾದೆ. ಹಿಂದಿನ ಎರಡೂ ನಿಲ್ಲದೆ ನಡುವಿನಲ್ಲೇ ಹೋಗಿದ್ದವು. ಬೈಕುಲ್ಲಾದ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಗರ್ಭಚೀಲದ ಬಾಯಿ ಸಡಿಲ, ಹೊಲಿಗೆ ಹಾಕಿದರೆ ಉಳಿಯಬಹುದು, ತಡ ಮಾಡಬೇಡಿ ಎಂದರು. ಹೊಟ್ಟೆಯೊಳಗಿನ ಕೂಸಿಗೆ ಚೀಲದ ಬಾಯಿ ಹೊಲಿಯುವ ಹಾಗೆ ಹೊಲಿಗೆಯೇ? ಕೇಳಿ ಅತ್ತೆ ದಂಗಾದರು. ಎರಡು ಹೋದ ಮೇಲೆ ಮೂರನೆಯದು ತಾನಾಗಿಯೇ ನಿಂತೀತು ಎಂದು ವಾದಿಸಿದರು.

“ಲೆಕ್ಕ ಹಂಗಿಲ್ಲ ಅವ್ವಾ” ಎಂದರು ಭಾವನವರು. “ರೂಪಾಯಿ ಚಿಮ್ಮಿದಾಗ ಎರಡು ಸಲ ಸೋತೀವಿ ಅಂತ ಮೂರನೇ ಸಲ ಅದು ಕನಿಕರಾ ಪಟ್ಟು ಗೆಲ್ಲಸೂದಿಲ್ಲ. ರೂಪಾಯಿಗೆ ಹಿಂದಿಂದು ನೆನಪಿರೂದಿಲ್ಲ.”

ಅತ್ತೆ ಮಗನ ಮುಖವನ್ನೇ ನೋಡಿದರು. “ರೂಪಾಯಿಗೆ ಇರಲಿಕ್ಕಿಲ್ಲಪಾ. ನನಗೈತಿ.”

ಅಷ್ಟು ಹೇಳಿ ಎದ್ದರು. ಪ್ರಸಾದ ಕೇಳಿಯೇ ಮುಂದಿನ ಮಾತು ಎಂದರು.

ನನ್ನ ನಿರ್ಧಾರ ಆಗಿಹೋಗಿತ್ತು. ಈ ಸಲ ಕೂಸನ್ನು ಕೈಗೆ ತೆಗೆದುಕೊಂಡೇ ತೀರುವವಳು. ಆದರೆ ಹಿರಿಯರ ಮಾತು ಮುರಿದು ಹೋಗಿ ಅಲ್ಲ, ದೇವರನ್ನು ದಾಟಿ ಹೋಗಿಯೂ ಅಲ್ಲ. ಆ ಸವೆದ ಹೆಗಲು ನೆನಪಾದಾಗಲೆಲ್ಲ ಎಡವೇ ಬಿದ್ದೀತೆಂದು ಹೆದರುತ್ತಿದ್ದೆ. ಆದರೂ ಭಾವನವರನ್ನು ಅಡಿಗೆಮನೆಯ ಬಾಗಿಲಲ್ಲಿ ತಡೆದು ಹೇಳಿದೆ: “ಹೂವಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ ಭಾವ. ಮೋಸಾ ಮಾಡಿ ಪಡಕೊಂಡ ಕೂಸು ನನಗ ಬ್ಯಾಡ.”

ಹಚ್ಚುವುದಿಲ್ಲ ಎಂದರು. ಸಂಭವ ಎಷ್ಟೆಂದು ಹೇಳಲಿಲ್ಲ. ಅದನ್ನು ಆಗ ಗಮನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದುಕೊಂಡು ಭಾವನವರು ದೇವರ ಮುಂದೆ ಕುಳಿತರು. ಹೂ ಅಂಟಿಸಿದ್ದು ಅತ್ತೆ. ಭಾವನವರು ಗಂಟಲು ಸರಿಮಾಡಿಕೊಂಡು ಕೇಳಿದರು: “ವೀರಭದ್ರಾ, ಹೊಲಿಗಿ ಹಾಕಸದ ಹಂಗ ಬಿಡೂದಿದ್ರ ಬಲಾ ಕೊಡು. ಹಾಕಸೂದಿದ್ರ ಎಡಾ ಕೊಡು.”

ತಿಳಿಯಿತೇ? ಹೂವಿಗೆ ಕೈ ಹಚ್ಚಲಿಲ್ಲ. ಪ್ರಶ್ನೆಯನ್ನೇ ತಿರುಗಿಸಿಬಿಟ್ಟರು! ಹೇಗೂ ಎಡವೇ ಬೀಳುತ್ತದೆ, ಬಿದ್ದರೆ ಹೊಲಿಗೆ ಹಾಕಿಸು ಎಂದು ಅರ್ಥ. ಇದು ಮೋಸವೋ ಅಲ್ಲವೋ ಎಂದು ನಾನು ಯೋಚಿಸುತ್ತಿರುವಾಗಲೇ ಹೂ ಬಿದ್ದಿತು.

ಬಲಗಡೆಯದು.

ಖಡ್ಗದ ಸಂದಿಯಿಂದ ನುಸುಳಿ ತಟ್ಟೆಗೆ ಬಿದ್ದಿತು. ಎಡಗಡೆಯ ಹೂ ಆ ನುಣ್ಣನೆಯ ಹೆಗಲ ಮೇಲೆ ಕದಲದೆ ಕೂತಿತ್ತು. ಭಾವನವರ ಮುಖ ವಿಭೂತಿಗಿಂತ ಬಿಳಿಯಾಯಿತು. ನಾನು ಗೋಡೆ ಹಿಡಿದುಕೊಂಡೆ.

“ಬಲಾ ಆತು” ಎಂದರು ಅತ್ತೆ, ಹೂ ಎತ್ತಿ ನನ್ನ ಮುಡಿಗೆ ಸಿಕ್ಕಿಸುತ್ತ. “ಟ್ಯಾಕ್ಸಿ ತರಸು.”

ಲೆಕ್ಕದ ಮನುಷ್ಯ ನೋಡಿ, ಸುಳ್ಳು ಹೇಳಲಾಗಲಿಲ್ಲ. “ಅವ್ವಾ, ನಾ ಉಲ್ಟಾ ಕೇಳೀನಿ” ಎಂದರು ಸಣ್ಣ ದನಿಯಲ್ಲಿ.

“ನೀ ಏನರೆ ಕೇಳು. ನಾ ಮನಸಿನ್ಯಾಗ ನೆಟ್ಟಗ ಕೇಳೀನಿ. ಅಂವಗ ನನ್ನ ದನಿ ಗುರುತೈತಿ.”

ಇದಕ್ಕೆ ಯಾವ ಸೂತ್ರ? ಭಾವನವರು ಟ್ಯಾಕ್ಸಿಗೆ ಓಡಿದರು.

ಇದನ್ನು ಬರೆಯುವಾಗ ನನ್ನ ಮಗಳು ಮಂಚದ ಕೆಳಗೆ ಕುಳಿತು ಬೆಲ್ಲದ ಡಬ್ಬಿ ಕುಟ್ಟುತ್ತಿದ್ದಾಳೆ. ಕೊನೆಗೆ ಹೇಳಬೇಕಾದ ಮಾತು. ಆದರೆ ಓದುವವರು ಗಾಬರಿಯಾಗುವುದು ಬೇಡವೆಂದು ಈಗಲೇ ಹೇಳಿಬಿಟ್ಟೆ. ದೇವರು ದೊಡ್ಡವನು.

ಆಸ್ಪತ್ರೆಯಲ್ಲಿ ನನ್ನನ್ನು ಹಾಸಿಗೆಗೆ ಹಾಕಿದರು. ಯಜಮಾನರು ದುಡ್ಡು ಕಟ್ಟಲು ಹೋಗಿದ್ದರು. ಹೊರಗೆ ಭಾವನವರು ಡಾಕ್ಟರನ್ನು ಅಡ್ಡಗಟ್ಟಿ, ಇಂಥ ಹೊಲಿಗೆ ಎಷ್ಟು ಜನಕ್ಕೆ ಹಾಕಿದ್ದೀರಿ, ಎಷ್ಟು ಉಳಿದವು, ಉಳಿದವರ ವಯಸ್ಸೆಷ್ಟು ಎಂದು ಕೇಳುತ್ತಿದ್ದರು. ಗಂಡ ನೀವೇನು ಎಂದು ಡಾಕ್ಟರು ರೇಗಿದ್ದು ಒಳಗೂ ಕೇಳಿಸಿತು. ನನಗೆ ನಗು ಬಂತು. ಅತ್ತೆ ನಗಲಿಲ್ಲ. ನನ್ನ ಪಾದ ಒತ್ತುತ್ತ, ಯಾರಿಗೋ ಹೇಳುವ ಹಾಗೆ ಹೇಳಿದರು.

ಹಿರಿಸೊಸೆ ಜ್ವರದಿಂದ ಸತ್ತದ್ದಲ್ಲ. ಹೆರಿಗೆ ಕಷ್ಟವಾಗಿ ಎರಡು ದಿನ ನರಳಿದಳು. ಹುಬ್ಬಳ್ಳಿಯ ದವಾಖಾನೆಗೆ ಒಯ್ಯಲು ಗಾಡಿ ಕಟ್ಟಿ ನಿಲ್ಲಿಸಿದ್ದರು. ಪ್ರಸಾದ ಕೇಳಿದರು. ಎಡ ಬಿದ್ದಿತು. ಅತ್ತೆಯೇ ಎತ್ತು ಬಿಚ್ಚಿಸಿ ಗಾಡಿ ಬಿಡಿಸಿದರು. ಊರ ವೈದ್ಯ ಬಂದು ನೋಡಿ, ‘ಏನೂ ಆಗೂದಿಲ್ಲ’ ಎಂದು ಭಾವನವರ ಬೆನ್ನು ತಟ್ಟಿ ಹೋದ. ಬೆಳಗಾಗುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ. ಅಂದಿನಿಂದ ಆ ಮಗ ಯಾರ ‘ಆಗುತ್ತದೆ’ಯನ್ನೂ ನಂಬಲಿಲ್ಲ, ‘ಆಗುವುದಿಲ್ಲ’ವನ್ನೂ ನಂಬಲಿಲ್ಲ. ಎಷ್ಟರಲ್ಲಿ ಎಷ್ಟು ಎಂದು ಕೇಳುವುದನ್ನು ಕಲಿತ.

“ಇವತ್ತ ಎಡಾ ಬಿದ್ದಿದ್ರೂ ನಾ ಟ್ಯಾಕ್ಸಿ ತರಸ್ತಿದ್ದೆ” ಎಂದರು ಅತ್ತೆ. “ನಿಮ್ಮ ಭಾವಗ ಹೇಳಬ್ಯಾಡ.”

ಆ ಮಧ್ಯಾಹ್ನ ಹೂ ಆರಿಸುತ್ತ ಭಾವನವರೂ ನನಗೆ ಅದನ್ನೇ ಹೇಳಿದ್ದರು. ಗಾಡಿ ಬಿಡಿಸಿದ್ದು ಸವೆದ ಹಿತ್ತಾಳೆ ಎಂದು ತಿಳಿದರೆ ತಾಯಿ ಬದುಕಿ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಒಬ್ಬರನ್ನೊಬ್ಬರು ಹೀಗೆ ಕಾಯುತ್ತಿದ್ದ ಇಬ್ಬರ ನಡುವೆ ನನ್ನನ್ನು ಸೊಸೆಯಾಗಿ ತಂದಿಟ್ಟ ದೇವರಿಗೆ ಮಲಗಿದಲ್ಲೇ ಕೈ ಮುಗಿದೆ.

ತಳ್ಳುಗಾಡಿ ಬಂತು. ಆಪರೇಶನ್ ಕೋಣೆಯ ಬಾಗಿಲಲ್ಲಿ ಭಾವನವರು ಛತ್ರಿ ಹಿಡಿದು ನಿಂತಿದ್ದರು. ಡಾಕ್ಟರಿಂದ ಉತ್ತರ ಪಡೆಯದೆ ಬಿಡುವವರಲ್ಲ ಎಂದು ಗೊತ್ತಿದ್ದ ನಾನು ಕೇಳಿದೆ: “ಎಷ್ಟ್ರಿ ಭಾವ?”

ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

“ಏನೂ ಆಗೂದಿಲ್ಲ, ತಂಗಿ” ಎಂದರು.